ಹತ್ತಕ್ಕೆ ಹತ್ತು ತೆಗೆದ ಮೇಷ್ಟ್ರು: ಹಾಸನದ ಒಂದು ಲಿವರೇಜ್ ಪ್ರಕರಣ

ಹಾಸನದಲ್ಲಿ ಆದಾಯ ತೆರಿಗೆ ರಿಟರ್ನ್ ತುಂಬಿಸುವುದು ನನ್ನ ಕೆಲಸ. ಜುಲೈ ಬಂತೆಂದರೆ ಆಫೀಸಿನ ಬೆಂಚಿನ ಮೇಲೆ ಕೂರಲು ಜಾಗ ಇರುವುದಿಲ್ಲ. 2023ರ ಜುಲೈನಲ್ಲಿ ಒಂದು ದಿನ ಆ ಬೆಂಚಿನಿಂದ ಎದ್ದು ಬಂದವರೇ ಲಿವರೇಜಿನ, ಅಂದರೆ ಕೈಯಲ್ಲಿರುವುದಕ್ಕಿಂತ ದೊಡ್ಡ ಪಣ ಕಟ್ಟುವ, ಈ ಪ್ರಕರಣದ ಮುಖ್ಯ ವ್ಯಕ್ತಿ. ಪಾಲಿಟೆಕ್ನಿಕ್‌ನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಊರಲ್ಲಿ ಎಲ್ಲರೂ ಮೇಷ್ಟ್ರು ಅಂತಾರೆ, ಇಲ್ಲೂ ಹಾಗೇ ಇರಲಿ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ, ಮೊತ್ತಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಅವರಿಗೂ ಕೇಳಿದೆ. "ಹೊರದೇಶದಲ್ಲಿ ಏನಾದ್ರೂ ಆಸ್ತಿ, ಶೇರು ಇದೆಯಾ ಮೇಷ್ಟ್ರೇ?" ಹಾಸನದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ನಕ್ಕು "ಇಲ್ಲ" ಅನ್ನುತ್ತಾರೆ.

"ಇತ್ತು" ಅಂದರು ಮೇಷ್ಟ್ರು.

ರಿಟರ್ನಿನಲ್ಲಿ ವಿದೇಶಿ ಆಸ್ತಿಗೆ ಅಂತಲೇ ಶೆಡ್ಯೂಲ್ ಎಫ್‌ಎ ಅನ್ನುವ ಭಾಗ ಇದೆ. ಉಳಿದ ಲೆಕ್ಕವೆಲ್ಲ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಇದೊಂದು ಮಾತ್ರ ಜನವರಿಯಿಂದ ಡಿಸೆಂಬರ್‌ವರೆಗೆ. ಅದರಲ್ಲಿ ಅಕ್ಕಪಕ್ಕ ಎರಡು ಕಾಲಂ ಬರುತ್ತವೆ. ವರ್ಷದಲ್ಲಿ ಆ ಹೂಡಿಕೆ ಮುಟ್ಟಿದ ಗರಿಷ್ಠ ಬೆಲೆ ಒಂದು, ವರ್ಷದ ಕೊನೆಯ ಬೆಲೆ ಇನ್ನೊಂದು. ಮೇಷ್ಟ್ರು ಜೇಬಿನಿಂದ ಮಡಚಿದ ಹಾಳೆ ತೆಗೆದು ಓದಿ ಹೇಳಿದರು, ನಾನು ಟೈಪ್ ಮಾಡಿದೆ. 2022ರ ಗರಿಷ್ಠ 9 ಲಕ್ಷದ 20 ಸಾವಿರ. ಕೊನೆಯ ಬೆಲೆ 2 ಲಕ್ಷದ 10 ಸಾವಿರ. ನಾನು ಒಂದು ಸೊನ್ನೆ ಬಿಟ್ಟೆನೇನೋ ಅಂದುಕೊಂಡು ಮತ್ತೆ ಕೇಳಿದೆ. "ಸರಿಯಾಗೇ ಹಾಕಿದ್ದೀರಿ" ಅಂದರು.

ದುಡ್ಡು ಹೋದ ದಾರಿ

ಮೇಷ್ಟ್ರು 2020ರಲ್ಲಿ ನಿವೃತ್ತರಾದರು. ಪಿಂಚಣಿ ಬರುತ್ತದೆ, ಸ್ವಂತ ಮನೆ ಇದೆ, ಮಗಳ ಮದುವೆ ಮುಗಿದಿದೆ. ನಿವೃತ್ತಿಯಲ್ಲಿ ಬಂದ ದುಡ್ಡಿನ ದೊಡ್ಡ ಪಾಲನ್ನು ಪೋಸ್ಟಾಫೀಸಿನ ಹಿರಿಯ ನಾಗರಿಕರ ಯೋಜನೆಗೆ ಹಾಕಿದರು. ಆಗ ಅದಕ್ಕೆ ಬಡ್ಡಿ ಶೇ. 7.4. ಮಿಕ್ಕ 12 ಲಕ್ಷ ಬ್ಯಾಂಕಿನಲ್ಲಿ ಸುಮ್ನೆ ಬಿದ್ದಿತ್ತು. ಕೊರೋನಾ ಕಾಲ, ಮನೆಯಲ್ಲೇ ಇರಬೇಕು, ಗಣಿತದ ತಲೆಗೆ ಕೆಲಸವಿಲ್ಲ. ಬೆಂಗಳೂರಿನಿಂದ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಹಳೇ ಶಿಷ್ಯನೊಬ್ಬ ಒಂದು ದಿನ ಟಿಕ್ಯೂಕ್ಯೂಕ್ಯೂ ಅನ್ನುವ ಫಂಡು ತೋರಿಸಿದ.

ಇದು ಅಮೆರಿಕದ ಪ್ರೋಶೇರ್ಸ್ ಕಂಪನಿ 2010ರ ಫೆಬ್ರುವರಿಯಲ್ಲಿ ಶುರು ಮಾಡಿದ ಫಂಡು. ನಾಸ್ಡಾಕ್‌ 100 ಅನ್ನುವ, ಅಲ್ಲಿನ ದೊಡ್ಡ ಕಂಪನಿಗಳ ಶೇರು ಬೆಲೆಯ ಸೂಚ್ಯಂಕ ಒಂದು ದಿನದಲ್ಲಿ ಎಷ್ಟು ಏರುತ್ತದೋ ಅದರ ಮೂರು ಪಟ್ಟು ಏರಬೇಕು, ಇಳಿದರೆ ಮೂರು ಪಟ್ಟು ಇಳಿಯಬೇಕು, ಅಷ್ಟೇ ಅದರ ಗುರಿ. ನಮ್ಮ ದೇಶದಲ್ಲಿ ಇಂಥ ಮ್ಯೂಚುವಲ್ ಫಂಡ್ ಸಿಗುವುದಿಲ್ಲ. ಶೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿಯ ನಿಯಮದ ಪ್ರಕಾರ ಮ್ಯೂಚುವಲ್ ಫಂಡು ಸಾಲ ಮಾಡಬಹುದಾದದ್ದು ನಿವ್ವಳ ಆಸ್ತಿಯ ಶೇ. 20ರ ಒಳಗೆ, 6 ತಿಂಗಳ ಮಟ್ಟಿಗೆ ಮಾತ್ರ. ಅದೂ ಹೂಡಿಕೆದಾರರು ದುಡ್ಡು ವಾಪಸ್ ಕೇಳಿದಾಗ ಕೊಡುವಂಥ ತುರ್ತಿಗೆ, ಲಾಭ ಹೆಚ್ಚಿಸುವ ಆಟಕ್ಕಲ್ಲ. ಆದರೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಶಿಷ್ಯ ತೋರಿಸಿದ ಆ್ಯಪ್‌ನಲ್ಲಿ ಆಗ ಈ ಫಂಡು ಮಾಮೂಲಿ ಶೇರುಗಳ ಮಧ್ಯೆಯೇ ಕೂತಿತ್ತು.

ಮುಂದೆ ಬರುವ ಮಾತಿಗೆ ಇಲ್ಲಿನ ಒಂದು ವಿಷಯ ಬೇಕು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಹಾರಿದವರಲ್ಲ. ಫಂಡಿನ ದಾಖಲೆ ಡೌನ್‌ಲೋಡ್ ಮಾಡಿ ಓದಿದ್ದಾರೆ. "ಒಂದು ದಿನದ" ಅನ್ನುವ ಮಾತಿನ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ಆ ನೋಟ್‌ಬುಕ್ ನಾನೇ ನೋಡಿದ್ದೇನೆ, ಶಾಲೆ ಮಕ್ಕಳ 200 ಪುಟದ ಗೆರೆ ಪುಸ್ತಕ. ಮೊದಲ ಪುಟದಲ್ಲೇ ಈ ಲೆಕ್ಕ ಇದೆ. ಸೂಚ್ಯಂಕ 100. ಇವತ್ತು ಶೇ. 10 ಬಿದ್ದು 90. ನಾಳೆ ಶೇ. 11.11 ಏರಿ ವಾಪಸ್ 100. ಮೂರು ಪಟ್ಟಿನ ಫಂಡು ಇವತ್ತು ಶೇ. 30 ಬಿದ್ದು 70. ನಾಳೆ ಶೇ. 33.33 ಏರಿ 93.33. ಸೂಚ್ಯಂಕ ಹೊರಟಲ್ಲಿಗೇ ಬಂದು ನಿಂತಿದೆ, ಫಂಡು ಸುಮಾರು ಆರೂಮುಕ್ಕಾಲು ರೂಪಾಯಿ ಉದುರಿಸಿಕೊಂಡಿದೆ. ಅದರ ಕೆಳಗೆ ಮೇಷ್ಟ್ರ ಕೈಬರಹದಲ್ಲಿ ಒಂದು ಸಾಲು: "ಏರುಪೇರು ಜಾಸ್ತಿ ಇದ್ದಷ್ಟೂ ಸೋರಿಕೆ ಜಾಸ್ತಿ."

ಇಷ್ಟು ಗೊತ್ತಿದ್ದೂ ಕೊಂಡರು. ಯಾಕೆಂದರೆ ಮುಂದಿನ ಪುಟದಲ್ಲಿ 2010ರಿಂದ 2021ರ ಲೆಕ್ಕ ಇತ್ತು. ಆ ಅವಧಿಯಲ್ಲಿ ಫಂಡು ನೂರು ಪಟ್ಟಿಗೂ ಜಾಸ್ತಿ ಬೆಳೆದಿತ್ತು. ಸೋರಿಕೆ ಇದ್ದೂ ಕೊಡ ತುಂಬಿ ಹರಿದಿತ್ತು.

2021ರ ಅಕ್ಟೋಬರ್ ಮೊದಲ ವಾರ 1 ಲಕ್ಷ ಹಾಕಿದರು. ನವೆಂಬರ್ ಮೊದಲ ವಾರ ದೀಪಾವಳಿ. ಹಾಸನಾಂಬೆ ಬಾಗಿಲು ತೆರೆದಿತ್ತು, ಊರು ತುಂಬಾ ಜನ. ಅಷ್ಟು ಹೊತ್ತಿಗೆ ಹಾಕಿದ 1 ಲಕ್ಷ ಬೆಳೆದು 1 ಲಕ್ಷದ 30 ಸಾವಿರ ಆಗಿತ್ತು. ಹಬ್ಬದ ದಿನ 3 ಲಕ್ಷ ಸೇರಿಸಿದರು. ನವೆಂಬರ್ ಮೂರನೇ ವಾರ ಮತ್ತೆ 5 ಲಕ್ಷ. ಒಟ್ಟು 9 ಲಕ್ಷ. ಹೊರಗೆ ಕಳಿಸಿದ ದುಡ್ಡು 7 ಲಕ್ಷ ದಾಟಿದ್ದರಿಂದ ಮೇಲಿನ 2 ಲಕ್ಷಕ್ಕೆ ಶೇ. 5ರಂತೆ 10,000 ರೂಪಾಯಿ ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಬ್ಯಾಂಕು ಹಿಡಿಯಿತು. ಇಡೀ ವ್ಯವಹಾರದಲ್ಲಿ ಅವರನ್ನು ಯಾರಾದರೂ ತಡೆದು ಮಾತಾಡಿಸಿದ್ದು ಅಂದರೆ ಆಗ ಮಾತ್ರ. ಅದೂ ತೆರಿಗೆ ವಿಷಯಕ್ಕೆ. ಏನು ಕೊಳ್ಳುತ್ತಿದ್ದೀರಿ ಅಂತ ಯಾರೂ ಕೇಳಲಿಲ್ಲ.

2022

ಆ ವರ್ಷ ಅಮೆರಿಕದಲ್ಲಿ ಬಡ್ಡಿ ದರ ಏರುತ್ತಾ ಹೋಯಿತು. ಮಾಮೂಲಿ ನಾಸ್ಡಾಕ್‌ 100 ಫಂಡು ಸುಮಾರು ಶೇ. 33 ಬಿತ್ತು. ಮೂರು ಪಟ್ಟಿನದು ಶೇ. 79.

ಮೇಷ್ಟ್ರು ಏನೇನು ಮಾಡಿದರು? ಮೊದಲ ನಾಲ್ಕು ತಿಂಗಳು ಏನೂ ಇಲ್ಲ. ಮೇ ತಿಂಗಳಲ್ಲಿ ಇನ್ನೆರಡು ಲಕ್ಷ ಹಾಕಿ ಸರಾಸರಿ ಇಳಿಸೋಣ ಅಂತ ಹೊರಟರು. ಅಷ್ಟರಲ್ಲಿ ಆ ಆ್ಯಪ್‌ನವರು ಇಂಥ ಫಂಡುಗಳನ್ನು "ಮಾರಾಟಕ್ಕೆ ಮಾತ್ರ" ಅಂತ ಮಾಡಿಬಿಟ್ಟಿದ್ದರು. ಇದ್ದದ್ದನ್ನು ಮಾರಬಹುದು, ಹೊಸದಾಗಿ ಕೊಳ್ಳುವಂತಿಲ್ಲ. ಏರಿದಾಗ ತೆರೆದೇ ಇದ್ದ ಬಾಗಿಲು ಬಿದ್ದಾಗ ಮುಚ್ಚಿತು. ಮೇಷ್ಟ್ರಿಗೆ ಇವತ್ತಿಗೂ ನಷ್ಟಕ್ಕಿಂತ ಇದರ ಮೇಲೆಯೇ ಸಿಟ್ಟು ಜಾಸ್ತಿ. ಆ ಎರಡು ಲಕ್ಷವೂ ಹೋಗದೆ ಉಳಿಯಿತಲ್ಲ ಅಂತ ನಾನು ಹೇಳಿ ನೋಡಿದ್ದೇನೆ, ಒಪ್ಪುವುದಿಲ್ಲ.

ಇಟ್ಟುಕೊಂಡಿದ್ದರೆ ವಾಪಸ್ ಬರುತ್ತಿತ್ತು ಅಲ್ವಾ ಅಂತ ಕೇಳಬಹುದು. ಬರುತ್ತಿತ್ತು, ತಡವಾಗಿ. 2023ರಲ್ಲಿ ಈ ಫಂಡು ಸುಮಾರು ಶೇ. 198 ಏರಿತು. ಕೇಳಲು ಜೋರಾಗಿದೆ. ಆದರೆ 100 ಇದ್ದದ್ದು 21ಕ್ಕೆ ಇಳಿದಿದೆ, 21 ಸುಮಾರು ಮೂರು ಪಟ್ಟಾದರೆ 62. ಮಾಮೂಲಿ ನಾಸ್ಡಾಕ್‌ ಫಂಡು ಇಟ್ಟುಕೊಂಡವರು ಅದೇ ಎರಡು ವರ್ಷ ಮುಗಿಯುವಾಗ ಅಸಲು ದಾಟಿ ಸ್ವಲ್ಪ ಲಾಭದಲ್ಲೇ ಇದ್ದರು. ನೋಟ್‌ಬುಕ್ಕಿನ ಮೊದಲ ಪುಟದ ಲೆಕ್ಕ ಎರಡು ವರ್ಷದ ಅಳತೆಯಲ್ಲಿ ಹೀಗೆ ಕಂಡಿತು.

ಅಷ್ಟು ದಿನ ಕಾಯುವ ಪ್ರಶ್ನೆ ಬರಲೇ ಇಲ್ಲ. 2023ರ ಮಾರ್ಚ್‌ನಲ್ಲಿ ಮೇಷ್ಟ್ರ ಮನೆಯವರಿಗೆ ಮೈಸೂರಿನಲ್ಲಿ ಎರಡೂ ಮಂಡಿ ಆಪರೇಷನ್ ಆಯಿತು. ಬ್ಯಾಂಕಿನಲ್ಲಿ ಉಳಿದಿದ್ದ 3 ಲಕ್ಷ ಸಾಲಲಿಲ್ಲ. ಫಂಡು ಮಾರಿದರು, ಕೈಗೆ ಬಂದದ್ದು 2 ಲಕ್ಷದ 80 ಸಾವಿರ. ಮನೆಯವರಿಗೆ ವಿಷಯ ಗೊತ್ತಾದದ್ದೇ ಆಗ. ಅವರು ಜಾಸ್ತಿ ಏನೂ ಹೇಳಲಿಲ್ಲವಂತೆ. "ಶುಂಠಿ ಹಾಕಿದ್ದಿದ್ರೆ ಗದ್ದೆನಾದ್ರೂ ನೋಡ್ಕೊಂಡು ಬರಬಹುದಿತ್ತು" ಅಂದರಂತೆ.

ನಾನು ಆ ಜುಲೈನಲ್ಲಿ ಮಾಡಿದ್ದು ಇಷ್ಟೇ. 6 ಲಕ್ಷದ 20 ಸಾವಿರ ನಷ್ಟವನ್ನು ಅಲ್ಪಾವಧಿ ಬಂಡವಾಳ ನಷ್ಟ ಅಂತ ತೋರಿಸಿ, ಗಡುವಿನೊಳಗೆ ರಿಟರ್ನ್ ಹಾಕಿ, ಮುಂದಿನ 8 ವರ್ಷಕ್ಕೆ ಹೊತ್ತುಕೊಂಡು ಹೋಗುವ ಹಾಗೆ ಮಾಡಿದೆ. ಮುಂದೆ ಲಾಭ ಬಂದರೆ ಅದರಿಂದ ವಜಾ ಮಾಡಿಕೊಳ್ಳಬಹುದು. "ಎಂಟು ವರ್ಷ ನಾನೇ ಇರ್ತೀನೋ ಇಲ್ವೋ" ಅಂದು ನಕ್ಕರು ಮೇಷ್ಟ್ರು.

ಭಾನುವಾರದ ಗುಂಪು

ನಮ್ಮದೊಂದು ಸಣ್ಣ ಗುಂಪಿದೆ. ಭಾನುವಾರ ಬೆಳಗ್ಗೆ ಮಹಾರಾಜ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಹೋಟೆಲೊಂದರ ಮಹಡಿಯಲ್ಲಿ ಕೂತು ಶೇರು, ಫಂಡು, ಠೇವಣಿ ಅಂತ ಮಾತಾಡುವವರು. ಹನ್ನೊಂದು ಜನ. ಮೇಷ್ಟ್ರನ್ನು ನಾನೇ ಕರೆದುಕೊಂಡು ಹೋದೆ. 2024ರ ಜುಲೈ 30ರಂದು ಸೆಬಿ ಒಂದು ಸಮಾಲೋಚನಾ ಪತ್ರ ಹೊರಡಿಸಿತು. ಸೂಚ್ಯಂಕ ಏರುತ್ತದೋ ಇಳಿಯುತ್ತದೋ ಅಂತ ಸಣ್ಣ ಮೊತ್ತ ಕೊಟ್ಟು ಪಣ ಕಟ್ಟುವ ಇಂಡೆಕ್ಸ್ ಆಪ್ಷನ್, ಫ್ಯೂಚರ್‌ಗಳಲ್ಲಿ ಸಣ್ಣವರು ಸುಟ್ಟುಕೊಳ್ಳುತ್ತಿದ್ದಾರೆ, ಅದಕ್ಕೆ ಏಳು ಬಿಗಿ ಕ್ರಮ ತರಬೇಕೆಂದಿದ್ದೇವೆ, ಆಗಸ್ಟ್ 20ರೊಳಗೆ ಅಭಿಪ್ರಾಯ ಹೇಳಿ ಅಂತ. ಮುಖ್ಯವಾದವು ಎರಡು. ಒಂದು, ಕಾಂಟ್ರಾಕ್ಟಿನ ಕನಿಷ್ಠ ಗಾತ್ರವನ್ನು 15 ಲಕ್ಷ ಮತ್ತು 20 ಲಕ್ಷದ ನಡುವಿನ ಮಟ್ಟಕ್ಕೆ ಏರಿಸುವುದು, ಇನ್ನೊಂದು, ವಾರಕ್ಕೊಮ್ಮೆ ಪಣದ ಗಡುವು ಮುಗಿಯುವ ಎಕ್ಸ್‌ಪೈರಿಗಳನ್ನು ಒಂದು ಎಕ್ಸ್‌ಚೇಂಜಿಗೆ ಒಂದೇ ಸೂಚ್ಯಂಕಕ್ಕೆ ಇಳಿಸುವುದು.

ಮೂರು ಪಟ್ಟಿನ ಅಮೆರಿಕನ್ ಫಂಡಿಗೂ ನಮ್ಮ ನಿಫ್ಟಿ ಆಪ್ಷನ್ನಿಗೂ ನೇರ ಸಂಬಂಧವಿಲ್ಲ. ಆದರೆ ಪ್ರಶ್ನೆ ಒಂದೇ. ಕೈಯಲ್ಲಿರುವುದಕ್ಕಿಂತ ದೊಡ್ಡ ಪಣ ಕಟ್ಟುವ ಸಾಧನ ಸಣ್ಣ ಹೂಡಿಕೆದಾರನಿಗೆ ಎಷ್ಟು ಸುಲಭವಾಗಿ ಸಿಗಬೇಕು? ನಮ್ಮ ಗುಂಪಿನ ಅಭಿಪ್ರಾಯ ಬರೆದು ಕಳಿಸೋಣ ಅಂತ ತೀರ್ಮಾನ ಆಯಿತು. ಎರಡು ಭಾನುವಾರ ಅದಕ್ಕೇ ಹೋಯಿತು.

ಬ್ಯಾಂಕಿನಿಂದ ನಿವೃತ್ತರಾದ ಮೇಡಂ ಬಿಗಿ ಇರಲೇಬೇಕು ಅನ್ನುವ ಪಕ್ಷ. "ಮೂವತ್ತು ವರ್ಷ ಕೌಂಟರಲ್ಲಿ ಕೂತಿದ್ದೀನಿ. ಇಲ್ಲಿ ಸಹಿ ಹಾಕಿ ಅಂದ್ರೆ ಹಾಕ್ತಾರೆ. ಯಾಕೆ ಅಂತ ಕೇಳೋರು ನೂರಕ್ಕೆ ಇಬ್ಬರು. ಎಚ್ಚರಿಕೆ ಅಂತ ಎಷ್ಟು ದಪ್ಪ ಅಕ್ಷರದಲ್ಲಿ ಬರೆದ್ರೂ ಅಷ್ಟೇ." ಅವರ ಸಲಹೆ ಒಂದು ಪರೀಕ್ಷೆ. ಪಾಸಾದವರಿಗೆ ಮಾತ್ರ ಬಾಗಿಲು.

ಸಕಲೇಶಪುರದ ಕಡೆ ಕಾಫಿ, ಮೆಣಸು ಬೆಳೆಯುವ ತೋಟದವರೊಬ್ಬರು ಇದ್ದಾರೆ. ಅವರು ಚಮಚದಲ್ಲಿ ಲೋಟಕ್ಕೆ ಟಣ್ ಅಂತ ಬಾರಿಸಿ ಹೇಳಿದರು: "ಶುಂಠಿ ಹಾಕೋನಿಗೆ ಯಾರು ಪರೀಕ್ಷೆ ಇಟ್ಟಿದ್ದಾರೆ ಮೇಡಂ?" ಹಾಸನ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರ ಜಮೀನು ಗುತ್ತಿಗೆಗೆ ಹಿಡಿದು, ಕೈಸಾಲ ಮಾಡಿ, ಒಡವೆ ಅಡ ಇಟ್ಟು ಶುಂಠಿ ಹಾಕುತ್ತಾರೆ. 60 ಕೆ.ಜಿ. ಚೀಲದ ಬೆಲೆ 2023ರಲ್ಲಿ ಏರಿದ ಹಾಗೆ ಏರಿದರೆ ಮನೆ ಕಟ್ಟಿಸುತ್ತಾರೆ. ಕೊಳೆ ರೋಗ ಬಂದರೆ, ಇಲ್ಲ ಬೆಲೆ ಬಿದ್ದರೆ, ಸಾಲವೊಂದು ಉಳಿಯುತ್ತದೆ. ಅದಕ್ಕಿಂತ ದೊಡ್ಡ ಲಿವರೇಜ್ ಯಾವುದಿದೆ? ಅದನ್ನು ಯಾವ ಸರ್ಕಾರ ತಡೆದಿದೆ? ತಡೆಯಬೇಕಾ? ಮೇಡಂ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಶುಂಠಿ ಹಾಕಲು ಮೈ ಮುರಿಯಬೇಕು, ಆ್ಯಪ್‌ನಲ್ಲಿ ಹೆಬ್ಬೆರಳು ಸಾಕು, ವ್ಯತ್ಯಾಸ ಅಲ್ಲೇ ಇರಬಹುದು ಅಂತ ಮನೆಗೆ ಹೋಗುವಾಗ ಹೊಳೆಯಿತು.

ಮೊಬೈಲ್ ಅಂಗಡಿ ಇಟ್ಟಿರುವ ಹುಡುಗ ಗುಂಪಿನಲ್ಲೇ ಚಿಕ್ಕವನು. ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ ಆಪ್ಷನ್ ಕೊಳ್ಳುತ್ತಾನೆ, ಒಂದು ಸಲಕ್ಕೆ ಎರಡೂವರೆ ಮೂರು ಸಾವಿರ. ಅವನ ಸಿಟ್ಟು ಬೇರೆ. "ಐವತ್ತು ಲಕ್ಷ ಇದ್ರೆ ಪಿಎಂಎಸ್, ಒಂದು ಕೋಟಿ ಇದ್ರೆ ಎಐಎಫ್. ಈಗ ಹತ್ತು ಲಕ್ಷಕ್ಕೆ ಇನ್ನೊಂದು ಹೊಸದು ತರ್ತಾರಂತೆ. ದುಡ್ಡಿದ್ದೋರಿಗೆ ಬುದ್ಧಿನೂ ಇರುತ್ತೆ ಅಂತ ಯಾರು ಹೇಳಿದ್ದು ಸಾರ್?" ಪಿಎಂಎಸ್, ಎಐಎಫ್ ಅಂದರೆ ದೊಡ್ಡ ಮೊತ್ತ ಹಾಕುವವರಿಗೆ ಮಾತ್ರ ಸಿಗುವ ಹೂಡಿಕೆ ಯೋಜನೆಗಳು. ಆ ಜುಲೈ ತಿಂಗಳಲ್ಲೇ ಸೆಬಿ 10 ಲಕ್ಷ ಕನಿಷ್ಠ ಮೊತ್ತದ ಹೊಸ ವರ್ಗದ ಫಂಡಿನ ಪ್ರಸ್ತಾಪವನ್ನೂ ಇಟ್ಟಿತ್ತು. ಮುಂದೆ 2025ರ ಏಪ್ರಿಲ್‌ನಿಂದ ಅದು ಎಸ್‌ಐಎಫ್ ಹೆಸರಲ್ಲಿ ಜಾರಿಗೆ ಬಂತು. ಹುಡುಗನ ಮಾತಲ್ಲಿ ಹುರುಳಿದೆ. ದುಡ್ಡಿನ ಗೆರೆ ಎಳೆದರೆ ಸಣ್ಣವನು ಉಳಿಯುತ್ತಾನೆ ನಿಜ, ಜೊತೆಗೆ ಅವಮಾನವೂ ಆಗುತ್ತದೆ.

ಮೇಷ್ಟ್ರು ಬಿಗಿ ಬೇಕು ಅನ್ನುತ್ತಾರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಕಳೆದುಕೊಂಡವರು ಅವರೇ ತಾನೇ. ಮೊದಲ ಭಾನುವಾರ ಅವರು ಬಾಯಿ ಬಿಡಲಿಲ್ಲ.

ಪರೀಕ್ಷೆ

ಎರಡನೇ ಭಾನುವಾರ ಮೇಡಂ ಹತ್ತು ಪ್ರಶ್ನೆ ಬರೆದು ಜೆರಾಕ್ಸ್ ಮಾಡಿಸಿಕೊಂಡು ಬಂದರು. ಪತ್ರದ ಜೊತೆ ಮಾದರಿ ಅಂತ ಕಳಿಸುವ ಯೋಚನೆ. ಮೊದಲು ನಾವೇ ಬರೆದು ನೋಡೋಣ ಅಂದರು. ಇಡ್ಲಿ ತಟ್ಟೆ ಸರಿಸಿ ಹನ್ನೊಂದು ಜನ ಹತ್ತನೇ ಕ್ಲಾಸಿನ ಮಕ್ಕಳ ಹಾಗೆ ಕೂತು ಬರೆದೆವು. ನಾಲ್ಕನೇ ಪ್ರಶ್ನೆ ಮೇಷ್ಟ್ರ ನೋಟ್‌ಬುಕ್ಕಿನ ಮೊದಲ ಪುಟದ್ದೇ: ಶೇ. 10 ಬಿದ್ದು ವಾಪಸ್ ಏರಿದರೆ ಮೂರು ಪಟ್ಟಿನ ಫಂಡು ಎಷ್ಟಕ್ಕೆ ನಿಲ್ಲುತ್ತದೆ?

ಮೇಷ್ಟ್ರಿಗೆ ಹತ್ತಕ್ಕೆ ಹತ್ತು. ಅಂಗಡಿ ಹುಡುಗನಿಗೆ ಒಂಬತ್ತು. ನನಗೆ ಏಳು. ತೋಟದವರಿಗೆ ಮೂರು.

ಮೇಡಂ ಹಾಳೆಗಳನ್ನು ಜೋಡಿಸುತ್ತಾ ನಿಂತುಬಿಟ್ಟರು. ಗುಂಪಿನಲ್ಲಿ ಇಂಥದರಲ್ಲಿ ಜಾಸ್ತಿ ಕಳೆದುಕೊಂಡ ಇಬ್ಬರೇ ಮೇಲೆ. ಕೆಳಗಿದ್ದ ಮೂವರು ಇಂಥದ್ದನ್ನು ಮುಟ್ಟಿಯೇ ಇಲ್ಲ. ಹನ್ನೊಂದು ಜನರ ಲೆಕ್ಕ ಹಿಡಿದು ದೇಶಕ್ಕೆಲ್ಲ ಹೇಳಲು ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಯೋಚಿಸಿದರೆ ಇದು ಸಹಜವೇ. ಇಳಿದವನೇ ತಾನೇ ಆಳ ಕಲಿಯುವುದು. ಹಾಗಾಗಿ ಪರೀಕ್ಷೆ ಇಟ್ಟರೆ ಪಾಸಾಗುವವರು ಇಳಿಯಲು ಮನಸ್ಸು ಮಾಡಿದವರೇ.

ಆಗ ಮೇಷ್ಟ್ರು ಮಾತಾಡಿದರು. ಈ ಪ್ರಕರಣದ ತಿರುವು ಅಂದರೆ ಆ ಹತ್ತು ನಿಮಿಷ. "ಮೇಡಂ, ನಿಮ್ಮ ಪರೀಕ್ಷೆ 2021ರಲ್ಲಿ ಇದ್ದಿದ್ರೆ ನಾನು ಪಾಸಾಗಿ, ಸರ್ಟಿಫಿಕೇಟ್ ಬೇರೆ ಇದೆ ಅನ್ನೋ ಧೈರ್ಯದಲ್ಲಿ ಒಂಬತ್ತಲ್ಲ, ಹನ್ನೆರಡೂ ಹಾಕ್ತಿದ್ದೆ. ನಾನು ತಪ್ಪಿದ್ದು ಲೆಕ್ಕದಲ್ಲಿ ಅಲ್ಲ. ಒಂದು ಲಕ್ಷ ಹಾಕಿದ್ದು ತಪ್ಪಲ್ಲ. ಒಂದು ಒಂಬತ್ತಾಗಿದ್ದು ತಪ್ಪು. ಅದೂ ಏಳು ವಾರದಲ್ಲಿ."

ಅವರು ಹೊರಗಿನ ಕಥೆಗಳನ್ನೂ ಓದಿಕೊಂಡಿದ್ದರು. ಅಮೆರಿಕದಲ್ಲಿ ಎಸ್‌ಇಸಿ (ನಮ್ಮ ಸೆಬಿ ಇದ್ದ ಹಾಗೆ) 2019ರಲ್ಲಿ ಇಂಥ ಫಂಡು ಕೊಳ್ಳುವವರನ್ನು ಬ್ರೋಕರ್ ಮೊದಲು ವಿಚಾರಿಸಿ ಒಪ್ಪಿಗೆ ಕೊಡಬೇಕು ಅನ್ನುವ ನಿಯಮ ತರಲು ಹೊರಟಿತ್ತು. ಸಣ್ಣ ಹೂಡಿಕೆದಾರರಿಂದ ಸಾವಿರಾರು ಪತ್ರ ಬಂದವು, ಬಹುಪಾಲು ವಿರೋಧವೇ. 2020ರ ಅಕ್ಟೋಬರ್‌ನಲ್ಲಿ ಅಂತಿಮ ನಿಯಮ ಬಂದಾಗ ಆ ಭಾಗ ಇರಲಿಲ್ಲ. 2022ರ ಮಾರ್ಚ್‌ನಲ್ಲಿ ಬ್ರೋಕರುಗಳ ಮೇಲೆ ನಿಗಾ ಇಡುವ ಅಲ್ಲಿನ ಫಿನ್ರಾ ಸಂಸ್ಥೆ ಮತ್ತೆ ಅದೇ ಪ್ರಶ್ನೆ ಎತ್ತಿದಾಗಲೂ ಸಾವಿರಾರು ಜನ ಬರೆದರು. ನನ್ನ ದುಡ್ಡು, ನನ್ನ ಇಷ್ಟ, ನನಗೆ ಓದಲು ಬರುತ್ತದೆ ಅನ್ನುವ ಧಾಟಿ. ದಕ್ಷಿಣ ಕೊರಿಯಾ ಬೇರೆ ದಾರಿ ಹಿಡಿಯಿತು. ಮೊದಲು ಆನ್‌ಲೈನ್ ಪಾಠ ಮುಗಿಸಬೇಕು, ಖಾತೆಯಲ್ಲಿ ಒಂದು ಕೋಟಿ ವೋನ್ ಠೇವಣಿ ಇರಬೇಕು. "ಆ ಪಾಠಾನೂ ಪಾಸಾಗ್ತಿದ್ದೆ, ಆ ಠೇವಣಿನೂ ಇತ್ತು" ಅಂದರು ಮೇಷ್ಟ್ರು. ಒಂದು ಕೋಟಿ ವೋನ್ ಅಂದರೆ ನಮ್ಮ ದುಡ್ಡಲ್ಲಿ ಆರು ಲಕ್ಷದ ಆಸುಪಾಸು.

ಅವರ ಸಲಹೆ ಇದು. ಬಾಗಿಲು ತೆರೆದಿರಲಿ, ಯಾರು ಬೇಕಾದರೂ ಬರಲಿ. ಆದರೆ ಮೊದಲ ಸಲ ಕೊಂಡ ಮೇಲೆ ಆರು ತಿಂಗಳು ಎರಡನೇ ಸಲ ಕೊಳ್ಳುವ ಹಾಗಿಲ್ಲ. ಒಟ್ಟು ಮೊತ್ತಕ್ಕೂ ಒಂದು ಮಿತಿ ಇರಲಿ, ಆದಾಯಕ್ಕೆ ತಕ್ಕ ಹಾಗೆ.

"ಇನ್ನೊಂದು ಆ್ಯಪ್ ತೆಗೀತೀನಿ" ಅಂದ ಹುಡುಗ ತಕ್ಷಣ.

"ಪ್ಯಾನ್ ಒಂದೇ ಅಲ್ವೇನಯ್ಯ? ಹತ್ತು ಲಕ್ಷಕ್ಕಿಂತ ಕಡಿಮೆ ಹಾಕಬೇಡ ಅಂತ ಲೆಕ್ಕ ಹಾಕೋಕೆ ಬರುತ್ತೆ ಅಂದ್ರೆ, ಒಂದು ಲಕ್ಷಕ್ಕಿಂತ ಜಾಸ್ತಿ ಹಾಕಬೇಡ ಅಂತ ಲೆಕ್ಕ ಹಾಕೋಕೆ ಯಾಕೆ ಬರಲ್ಲ?"

ಇದಕ್ಕೆ ಯಾರೂ ಎದುರಾಡಲಿಲ್ಲ. ತೋಟದವರು ಮಾತ್ರ, "ವಾರದ ಆಪ್ಷನ್ನು ಹಾಸನಾಂಬೆ ದರ್ಶನ ಇದ್ದ ಹಾಗೆ ವರ್ಷಕ್ಕೊಂದ್ಸಲ ತೆಗೀಲಿ, ಅಲ್ಲಿಗೆ ಮುಗೀತು" ಅಂದು ನಗಿಸಿದರು.

ಪತ್ರ ಒಂದೂವರೆ ಪುಟ ಆಯಿತು. ವಾರದ ಎಕ್ಸ್‌ಪೈರಿ ಕಡಿಮೆ ಮಾಡುವುದಕ್ಕೆ ಒಪ್ಪಿಗೆ. ಕಾಂಟ್ರಾಕ್ಟ್ ಗಾತ್ರ ಏರಿಸಿದರೆ ಆಪ್ಷನ್ ಕೊಳ್ಳುವ ಸಣ್ಣವನು ಬಿಟ್ಟು ಹೋಗುವುದಿಲ್ಲ, ಜಾಸ್ತಿ ದುಡ್ಡು ತರುತ್ತಾನೆ, ಇಲ್ಲ ಕೆಟ್ಟ ಆಪ್ಷನ್ ಹುಡುಕುತ್ತಾನೆ ಅನ್ನುವ ಆಕ್ಷೇಪ. ಪ್ಯಾನ್ ಲೆಕ್ಕದ ಮಿತಿ ಮತ್ತು ಕಾಯುವ ಅವಧಿಯ ಸಲಹೆ. ಮೇಡಂ ತಮ್ಮ ಪರೀಕ್ಷೆಯನ್ನು ತಾವೇ ಹೊಡೆದು ಹಾಕಿದರು. ಆದರೆ ಸುಮ್ಮನಾಗಲಿಲ್ಲ. ಮಾರುವವರ ಕಮಿಷನ್ ಎಷ್ಟು ಅಂತ ಕೊಳ್ಳುವ ಪರದೆಯಲ್ಲೇ ತೋರಿಸಬೇಕು ಅಂತ ಕೊನೆಗೊಂದು ಸಾಲು ಸೇರಿಸಿದರು. ಆಗಸ್ಟ್ 18, ಭಾನುವಾರ ರಾತ್ರಿ ನಾನೇ ಕಳಿಸಿದೆ.

ಆಮೇಲೆ ಆದದ್ದು

ನಮ್ಮ ಪತ್ರದಿಂದ ಏನಾದರೂ ಬದಲಾಯಿತು ಅಂತ ಹೇಳುವ ಭ್ರಮೆ ನನಗಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಸೆಬಿ ತನ್ನ ಅಧ್ಯಯನ ಹೊರಡಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಎಫ್‌ ಅಂಡ್‌ ಓ, ಅಂದರೆ ಫ್ಯೂಚರ್ ಮತ್ತು ಆಪ್ಷನ್, ಆಡಿದ ಒಂದು ಕೋಟಿಗೂ ಜಾಸ್ತಿ ಜನರಲ್ಲಿ ಶೇ. 93 ಮಂದಿಗೆ ನಷ್ಟ. ತಲಾ ಸರಾಸರಿ ಸುಮಾರು 2 ಲಕ್ಷ. ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ಅಕ್ಟೋಬರ್ 1ರಂದು ಸುತ್ತೋಲೆ ಬಂತು. ಕಾಂಟ್ರಾಕ್ಟ್ ಗಾತ್ರ ಕನಿಷ್ಠ 15 ಲಕ್ಷ, ವಾರದ ಎಕ್ಸ್‌ಪೈರಿ ಎಕ್ಸ್‌ಚೇಂಜಿಗೆ ಒಂದೇ. ನಿಫ್ಟಿ ಲಾಟ್, ಅಂದರೆ ಒಂದು ಸಲಕ್ಕೆ ಕೊಳ್ಳಬೇಕಾದ ಕನಿಷ್ಠ ಸಂಖ್ಯೆ, 25ರಿಂದ 75 ಆಯಿತು.

ಇಲ್ಲಿಂದ ಹುಡುಗನನ್ನು ನೋಡುವುದೇ ನಮಗೆ ಪಾಠ. ಮೊದಲು 100 ರೂಪಾಯಿಯ ಆಪ್ಷನ್ ಒಂದು ಲಾಟಿಗೆ 2,500. ಆಮೇಲೆ ಅದೇ 7,500. ಬಿಟ್ಟನಾ? ಇಲ್ಲ. 30 ರೂಪಾಯಿಯ ಆಪ್ಷನ್ ಹುಡುಕಿದ. 75ಕ್ಕೆ 2,250. ಜೇಬಿನಿಂದ ಹೋಗುವ ದುಡ್ಡು ಹೆಚ್ಚುಕಡಿಮೆ ಅಷ್ಟೇ. ಆದರೆ ಸೂಚ್ಯಂಕ ಇನ್ನೂ ದೂರ ಓಡಿದರೆ ಮಾತ್ರ ಫಲ ಕೊಡುವ ಆಪ್ಷನ್ ಅದು. ಬಹಳ ಸಲ ಸೊನ್ನೆಯಾಗುತ್ತದೆ. ಪತ್ರದಲ್ಲಿ ನಾವು ಹೆದರಿದ್ದು ಇದಕ್ಕೇ.

ಇನ್ನೊಂದು ಕ್ರಮ ಮಾತ್ರ ಅವನ ಮೇಲೆ ನಾಟಿತು. ಮೊದಲು ಸೋಮವಾರ ಮಿಡ್‌ಕ್ಯಾಪ್, ಮಂಗಳವಾರ ಫಿನ್‌ನಿಫ್ಟಿ, ಬುಧವಾರ ಬ್ಯಾಂಕ್‌ನಿಫ್ಟಿ, ಗುರುವಾರ ನಿಫ್ಟಿ, ಶುಕ್ರವಾರ ಸೆನ್ಸೆಕ್ಸ್ ಅಂತ ದಿನಕ್ಕೊಂದು ಸೂಚ್ಯಂಕದ ಎಕ್ಸ್‌ಪೈರಿ ಇತ್ತು. ದಿನಾ ಸಂತೆ. ನವೆಂಬರ್ 2024ರಿಂದ ವಾರಕ್ಕೆ ಎರಡು ಉಳಿದವು. 2025ರ ಬೇಸಿಗೆಯಲ್ಲಿ ಅವನ ಐಟಿಆರ್-3 ತುಂಬಿಸಲು ವ್ಯವಹಾರದ ಪಟ್ಟಿ ತೆಗೆದಾಗ ಕಣ್ಣಿಗೆ ಹೊಡೆದದ್ದು ಇದೇ. ಅಕ್ಟೋಬರ್‌ವರೆಗೆ ಪುಟಗಟ್ಟಲೆ, ಡಿಸೆಂಬರ್ ಆದಮೇಲೆ ತಿಂಗಳಿಗೆ ಮುಕ್ಕಾಲು ಪುಟ. "ಸಂತೆ ಇಲ್ಲದ ದಿನ ಅಂಗಡಿ ನೋಡ್ಕೊಂಡೆ ಸಾರ್, ಟೆಂಪರ್ಡ್ ಗ್ಲಾಸ್ ಚೆನ್ನಾಗಿ ಹೋಯ್ತು" ಅಂದ. ನಷ್ಟ ನಿಂತಿತಾ ಅಂದರೆ ಇಲ್ಲ. ಒಂದು ವರ್ಷಕ್ಕೆ 1.4 ಲಕ್ಷ ಇದ್ದದ್ದು 60 ಸಾವಿರ ಆಯಿತು. ದೇಶದ ಲೆಕ್ಕವೂ ಚೆನ್ನಾಗೇನಿಲ್ಲ. 2024-25ರಲ್ಲೂ ಶೇ. 91 ಮಂದಿಗೆ ನಷ್ಟ, ಒಟ್ಟು 1.05 ಲಕ್ಷ ಕೋಟಿ ಅಂತ 2025ರ ಜುಲೈನಲ್ಲಿ ಸೆಬಿಯೇ ಹೇಳಿತು.

ನನಗೆ ಕಂಡದ್ದು ಇಷ್ಟು. ಕನಿಷ್ಠ ಮೊತ್ತ ಏರಿಸುವುದು ಸಣ್ಣವನನ್ನು ಆಚೆ ಇಡುತ್ತದೆ ಅಂತ ಕಾಗದದಲ್ಲಿ ಕಾಣುತ್ತದೆ. ಆದರೆ ಆಗಲೇ ಒಳಗೆ ಇರುವವನನ್ನು ಅದು ದೊಡ್ಡ ಪಣಕ್ಕೋ ಕೆಟ್ಟ ಪಣಕ್ಕೋ ತಳ್ಳುತ್ತದೆ. ಪರೀಕ್ಷೆ ತಿಳಿವಳಿಕೆ ಅಳೆಯುತ್ತದೆ, ಆಸೆ ಅಳೆಯುವುದಿಲ್ಲ. ಹುಡುಗನಿಗೆ ಉಪಯೋಗವಾದದ್ದು ಅವಕಾಶದ ದಿನಗಳು ಕಡಿಮೆಯಾದದ್ದು. ಮೇಷ್ಟ್ರಿಗೆ ಉಪಯೋಗವಾಗುತ್ತಿದ್ದದ್ದು ದೀಪಾವಳಿಗೂ ನವೆಂಬರ್ ಮೂರನೇ ವಾರಕ್ಕೂ ಮಧ್ಯೆ ಯಾರಾದರೂ ಕೈ ಅಡ್ಡ ಇಟ್ಟಿದ್ದರೆ. ಬ್ಯಾಂಕು 10,000 ರೂಪಾಯಿ ಟಿಸಿಎಸ್ ಹಿಡಿಯಲು ತಡೆದ ಜಾಗದಲ್ಲೇ "ಹೋದ ತಿಂಗಳು ಒಂದು, ಈಗ ಐದು ಯಾಕೆ?" ಅಂತ ಕೇಳಿದ್ದರೂ ಸಾಕಿತ್ತೇನೋ. ತೋಟದವರು ಇದನ್ನೂ ಒಪ್ಪುವುದಿಲ್ಲ. ಶುಂಠಿ ಬೀಜ ತರಲು ಹೋದಾಗ ಯಾರಾದರೂ ಹೀಗೆ ಕೇಳಿದರೆ ಕಪಾಳಕ್ಕೆ ಬಾರಿಸುತ್ತೇನೆ ಅನ್ನುತ್ತಾರೆ.

ಮೇಷ್ಟ್ರು ಮನೆಯಲ್ಲಿ ತಮ್ಮದೇ ನಿಯಮ ಮಾಡಿಕೊಂಡಿದ್ದಾರೆ. ಪೋಸ್ಟಾಫೀಸು, ಬ್ಯಾಂಕು ಬಿಟ್ಟು ಬೇರೆ ಎಲ್ಲಿ ಹಾಕುವುದಿದ್ದರೂ ಅದೇ ಗೆರೆ ಪುಸ್ತಕದಲ್ಲಿ ಮೊತ್ತ ಬರೆಯಬೇಕು, ಕೆಳಗೆ ಮನೆಯವರ ಸಹಿ ಬೇಕು. 25 ಸಾವಿರಕ್ಕಿಂತ ಜಾಸ್ತಿ ಇದ್ದರೆ ಮೂರು ತಿಂಗಳು ಬಿಟ್ಟು ಎರಡನೇ ಸಹಿ. ಈವರೆಗೆ ಮನೆಯವರು ಎರಡು ಸಲ ಸಹಿ ಹಾಕಿಲ್ಲವಂತೆ. ಕಾರಣ ಹೇಳಲಿಲ್ಲವಂತೆ, ಇವರು ಕೇಳಲೂ ಇಲ್ಲವಂತೆ.

2025ರಲ್ಲಿ ರಿಟರ್ನ್ ಗಡುವು ಸೆಪ್ಟೆಂಬರ್‌ವರೆಗೆ ಹೋಗಿತ್ತು. ಮೇಷ್ಟ್ರು ನಿಧಾನವಾಗಿ, ಬೆಂಚು ಖಾಲಿ ಇರುವ ದಿನ ನೋಡಿ ಬಂದರು. ಇಲ್ಲಿನ ಶೇರು ಮಾರಿ 38 ಸಾವಿರ ಅಲ್ಪಾವಧಿ ಲಾಭ ಬಂದಿತ್ತು. ಹಳೇ ನಷ್ಟದಲ್ಲಿ ಅದನ್ನು ವಜಾ ಮಾಡಿ, ಉಳಿದ 5 ಲಕ್ಷದ 82 ಸಾವಿರವನ್ನು ಮುಂದಿನ ವರ್ಷಕ್ಕೆ ಹೊತ್ತುಕೊಳ್ಳುವ ಕಾಲಂನಲ್ಲಿ ಹಾಕಿದೆ. ಮೇಷ್ಟ್ರು ಕನ್ನಡಕ ಏರಿಸಿ ಪರದೆ ನೋಡಿದರು. ಬೆರಳಲ್ಲಿ ವರ್ಷ ಎಣಿಸಿದರು.

"ಇನ್ನೂ ಆರು ವರ್ಷ ಟೈಮಿದೆ" ಅಂದರು.